ಡೀಸೆಲ್ ಪಿಕ್-ಅಪ್ ವಾಹನದಲ್ಲಿ ಇಂಧನ ಮಿತವ್ಯಯ

ಪೀಠಿಕೆ

ನಮ್ಮ ದೇಶವು ತನಗೆ ಅಗತ್ಯವಾದ ಕಚ್ಚಾ ತೈಲದ ಶೇಕಡ 80ಕ್ಕೂ ಹೆಚ್ಚಿನ ಭಾಗವನ್ನು ವಿದೇಶಗಳಿಂದ ಆಮದು ಮಾಡಿಕೊಳ್ಳುತ್ತದೆ. ದೇಶದಲ್ಲಿ ಬಳಕೆಯಾಗುವ ಪೆಟ್ರೋಲಿಯಂ ಉತ್ಪನ್ನಗಳಲ್ಲಿ ಡೀಸೆಲಿನ ಪಾಲು ಸುಮಾರು ಐದರಲ್ಲಿ ಎರಡು ಭಾಗದಷ್ಟಿದ್ದು, ಅದರ ಬಹುಪಾಲು ಸಾರಿಗೆಗೇ ವಿನಿಯೋಗವಾಗುತ್ತದೆ. ಇಂಧನದ ಮಿತಬಳಕೆಯ ಬಗ್ಗೆ ಜನರಲ್ಲಿ ಅರಿವು ಮೂಡಿಸುವ ಸಲುವಾಗಿ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವನ್ನು ಸ್ಥಾಪಿಸಲಾಯಿತು. ಅಂದಿನಿಂದಲೂ ವಾಹನ ಚಾಲಕರಿಗೆ ನೀಡುತ್ತ ಬಂದಿರುವ ತಿಳಿವಳಿಕೆಯ ಸಾರಾಂಶ ಸರಳವಾದುದು: ಉಳಿಸಿದ ಇಂಧನವು ಉತ್ಪಾದಿಸಿದ ಇಂಧನಕ್ಕೆ ಸಮಾನ.

ಆದರೆ ಒಂದೇ ಒಂದು ಪಿಕ್-ಅಪ್ ವಾಹನವನ್ನು ಹೊಂದಿ, ಅದನ್ನು ತಾನೇ ನಡೆಸಿ ಜೀವನ ಸಾಗಿಸುವ ವ್ಯಕ್ತಿಗೆ ಈ ವಿಷಯವು ರಾಷ್ಟ್ರದ ಲೆಕ್ಕಕ್ಕಿಂತ ಮೊದಲು ಮನೆಯ ಲೆಕ್ಕವಾಗಿರುತ್ತದೆ. ಸಾಲದ ಕಂತು, ವಿಮೆ, ತೆರಿಗೆ ಇವು ನಿಶ್ಚಿತವಾದ ಖರ್ಚುಗಳು. ಅವುಗಳನ್ನು ಕಡಿಮೆ ಮಾಡುವುದು ಅವನ ಕೈಯಲ್ಲಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನು ನಿಯಂತ್ರಣದಿಂದ ಮುಕ್ತಗೊಳಿಸಲಾಯಿತು. ಆದುದರಿಂದ ಲೀಟರಿನ ಬೆಲೆಯೂ ಮಾರುಕಟ್ಟೆಗೆ ಅನುಗುಣವಾಗಿ ಏರಿಳಿಯುತ್ತದೆ. ಆದರೆ ಒಂದು ಲೀಟರಿನಲ್ಲಿ ಎಷ್ಟು ದೂರ ಕ್ರಮಿಸಬಹುದು ಎಂಬುದು ಬಹುಮಟ್ಟಿಗೆ ಅವನ ಕೈಯಲ್ಲಿಯೂ, ಇನ್ನೂ ನಿಖರವಾಗಿ ಹೇಳುವುದಾದರೆ ಅವನ ಬಲಗಾಲಿನಲ್ಲಿಯೂ ಇದೆ. ಅದನ್ನು ಸಾಧಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಮಾದಾಪುರದ ಉದಾಹರಣೆ

ಹೈದರಾಬಾದ್ ನಗರದ ಪಶ್ಚಿಮ ಭಾಗದಲ್ಲಿರುವ ಮಾದಾಪುರವು ಒಂದು ಕಾಲದಲ್ಲಿ ಕಲ್ಲುಬಂಡೆಗಳ ನಡುವಿನ ಸಣ್ಣ ಗ್ರಾಮವಾಗಿತ್ತು. 1998ರಲ್ಲಿ ಇಲ್ಲಿ ಸೈಬರ್ ಟವರ್ಸ್ ಕಟ್ಟಡವು ಉದ್ಘಾಟನೆಯಾದ ನಂತರ ಕಚೇರಿಗಳು, ವಸತಿಗೃಹಗಳು, ಉಪಾಹಾರ ಮಂದಿರಗಳು ದಟ್ಟವಾಗಿ ಬೆಳೆದವು. ಇಷ್ಟು ಜನರಿಗೆ ಬೇಕಾದ ತರಕಾರಿ, ದಿನಸಿ, ನೀರಿನ ಕ್ಯಾನು, ಕಟ್ಟಡ ಸಾಮಗ್ರಿ ಮೊದಲಾದವುಗಳನ್ನು ಓಣಿ ಓಣಿಗೆ ತಲುಪಿಸುವ ಕಾರ್ಯವನ್ನು ಹೆಚ್ಚಾಗಿ ಸಣ್ಣ ಸರಕು ವಾಹನಗಳೇ ನಿರ್ವಹಿಸುತ್ತವೆ.

ಕನ್ನಡ ನಾಡಿಗೂ ಈ ಪ್ರದೇಶಕ್ಕೂ ನೇರವಾದ ರಸ್ತೆ ಸಂಪರ್ಕವಿದೆ. ಪುಣೆಯಿಂದ ಮಚಲಿಪಟ್ಟಣಕ್ಕೆ ಸಾಗುವ 65ನೇ ರಾಷ್ಟ್ರೀಯ ಹೆದ್ದಾರಿಯು ಬೀದರ್ ಜಿಲ್ಲೆಯ ಹುಮನಾಬಾದ್ ಮೂಲಕ ಜಹೀರಾಬಾದ್, ಪಟಾನ್‌ಚೆರು ಮಾರ್ಗವಾಗಿ ಹೈದರಾಬಾದನ್ನು ತಲುಪುತ್ತದೆ. ಬೀದರ್ ನಗರದಿಂದ ಹೊರಡುವವರೂ ಜಹೀರಾಬಾದಿನಲ್ಲಿ ಇದೇ ಹೆದ್ದಾರಿಯನ್ನು ಸೇರಬಹುದು. ಶುಂಠಿ, ತರಕಾರಿ ಇತ್ಯಾದಿಗಳನ್ನು ಹೇರಿಕೊಂಡು ಈ ದಾರಿಯಲ್ಲಿ ಬರುವ ಚಾಲಕನು ಒಂದೇ ದಿನದಲ್ಲಿ ಎರಡು ಬಗೆಯ ರಸ್ತೆಗಳನ್ನು ಎದುರಿಸುತ್ತಾನೆ. ನೂರಕ್ಕೂ ಹೆಚ್ಚು ಕಿಲೋಮೀಟರುಗಳ ಹೆದ್ದಾರಿಯಲ್ಲಿ ಇಂಧನವನ್ನು ನುಂಗುವುದು ಅತಿವೇಗ. ಮಾದಾಪುರದ ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ ಅದನ್ನು ನುಂಗುವುದು ಪದೇ ಪದೇ ನಿಲ್ಲುವಿಕೆ ಮತ್ತು ಮರಳಿ ಹೊರಡುವಿಕೆ. ಈ ಎರಡು ನಷ್ಟಗಳನ್ನು ಬೇರೆ ಬೇರೆಯಾಗಿ ಅರಿತುಕೊಳ್ಳುವುದು ಅವಶ್ಯಕ.

ಲೆಕ್ಕವೇ ಮೊದಲ ಹೆಜ್ಜೆ

ಅಳೆಯದೆ ಉಳಿಸಲಾಗದು. ರಾಜ್ಯ ರಸ್ತೆ ಸಾರಿಗೆ ನಿಗಮಗಳ ಘಟಕಗಳಲ್ಲಿ ಪ್ರತಿಯೊಂದು ಬಸ್ಸಿಗೆ ತುಂಬಿದ ಡೀಸೆಲ್ ಹಾಗೂ ಅದು ಕ್ರಮಿಸಿದ ದೂರವನ್ನು ದಾಖಲಿಸಿ, ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ತಪ್ಪದೆ ಲೆಕ್ಕ ಹಾಕುತ್ತಾರೆ. ಇದೇ ಶಿಸ್ತನ್ನು ಒಂದು ವಾಹನದ ಮಾಲೀಕನೂ ಪಾಲಿಸಬಹುದು. ಇದಕ್ಕೆ ಒಂದು ಪುಟ್ಟ ಪುಸ್ತಕ, ಒಂದು ಪೆನ್ನು ಸಾಕು.

ಟ್ಯಾಂಕನ್ನು ತುಂಬಿಸಿ, ಪಂಪಿನ ನಳಿಕೆಯು ತಾನಾಗಿ ನಿಂತ ಕೂಡಲೇ ನಿಲ್ಲಿಸಿರಿ. ಮೀಟರಿನ ಅಂಕಿಯನ್ನು ಬರೆದುಕೊಳ್ಳಿರಿ. ಮುಂದಿನ ಬಾರಿಯೂ ಸಾಧ್ಯವಾದಷ್ಟು ಅದೇ ಬಂಕಿನಲ್ಲಿ, ಅದೇ ರೀತಿಯಲ್ಲಿ ತುಂಬಿಸಿರಿ. ಎರಡು ಅಂಕಿಗಳ ನಡುವಣ ದೂರವನ್ನು ಎರಡನೆಯ ಬಾರಿ ಹಿಡಿಸಿದ ಲೀಟರುಗಳಿಂದ ಭಾಗಿಸಿರಿ. ಉದಾಹರಣೆಗೆ,

ಮೊದಲ ಭರ್ತಿ: 462 ಕಿ.ಮೀ., 42.0 ಲೀಟರ್, ಲೀಟರಿಗೆ 11.0 ಕಿ.ಮೀ.
ಎರಡನೆಯ ಭರ್ತಿ: 480 ಕಿ.ಮೀ., 41.7 ಲೀಟರ್, ಲೀಟರಿಗೆ 11.5 ಕಿ.ಮೀ.
ಮೂರನೆಯ ಭರ್ತಿ: 455 ಕಿ.ಮೀ., 38.6 ಲೀಟರ್, ಲೀಟರಿಗೆ 11.8 ಕಿ.ಮೀ.
ಒಟ್ಟು: 1,397 ಕಿ.ಮೀ., 122.3 ಲೀಟರ್, ಲೀಟರಿಗೆ 11.4 ಕಿ.ಮೀ.

ಒಂದೇ ಭರ್ತಿಯ ಫಲಿತಾಂಶವನ್ನು ನಂಬಬಾರದು. ಮೂರು ನಾಲ್ಕು ಭರ್ತಿಗಳ ಒಟ್ಟು ದೂರವನ್ನು ಒಟ್ಟು ಲೀಟರುಗಳಿಂದ ಭಾಗಿಸಿದಾಗ ಮಾತ್ರ ನಿಜವಾದ ಸರಾಸರಿ ತಿಳಿಯುತ್ತದೆ. ಹೇರಿದ ಭಾರ ಮತ್ತು ಹೋದ ದಾರಿಯನ್ನೂ ಅದೇ ಸಾಲಿನಲ್ಲಿ ಬರೆದಿಟ್ಟರೆ ಇಂಧನ ಬಳಕೆ ಹೆಚ್ಚಿದುದಕ್ಕೆ ಕಾರಣವನ್ನು ಹುಡುಕುವುದು ಸುಲಭ. ಭಾರವಾಗಲಿ ದಾರಿಯಾಗಲಿ ಬದಲಾಗದೆ ಮೈಲೇಜು ಮಾತ್ರ ಸತತವಾಗಿ ಇಳಿಯುತ್ತಿದ್ದರೆ ವಾಹನದಲ್ಲಿ ಎಲ್ಲಿಯೋ ದೋಷವಿದೆಯೆಂದು ತಿಳಿಯಬೇಕು. ಎಷ್ಟೋ ವೇಳೆ ರೋಗದ ಮೊದಲ ಸೂಚನೆ ದೊರೆಯುವುದು ಎಂಜಿನ್ನಿನ ಸದ್ದಿನಿಂದಲ್ಲ, ಈ ಪುಸ್ತಕದಿಂದ.

ಒಂದು ನಿಲುಗಡೆಯ ಬೆಲೆ

ಸರಕು ಸೇರಿ 2,700 ಕಿಲೋಗ್ರಾಂ ತೂಗುವ ಒಂದು ಪಿಕ್-ಅಪ್ ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಲಿಸುತ್ತಿದೆ ಎಂದು ಭಾವಿಸೋಣ. ಅದರ ಚಲನೆಯಲ್ಲಿ ಅಡಗಿರುವ ಶಕ್ತಿ ಸುಮಾರು 167 ಕಿಲೋಜೂಲ್. ಚಾಲಕನು ಬ್ರೇಕನ್ನು ಒತ್ತಿದಾಗ ಆ ಶಕ್ತಿಯೆಲ್ಲವೂ ಬ್ರೇಕ್ ಡ್ರಮ್ಮಿನಲ್ಲಿ ಶಾಖವಾಗಿ ಗಾಳಿಗೆ ಸೇರುತ್ತದೆ. ಮತ್ತೆ ಅದೇ ವೇಗವನ್ನು ಪಡೆಯಲು ಅಷ್ಟೇ ಶಕ್ತಿಯನ್ನು ಎಂಜಿನ್ ಹೊಸದಾಗಿ ಒದಗಿಸಬೇಕು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೂ, ಎಂಜಿನ್ ಮತ್ತು ಗೇರುಪೆಟ್ಟಿಗೆಯನ್ನು ದಾಟಿ ಚಕ್ರಗಳಿಗೆ ತಲುಪುವುದು ಅದರ ಶೇಕಡ 30ರಷ್ಟು ಎಂದು ಹಿಡಿದರೆ, ಈ ಒಂದು ನಿಲುಗಡೆಗೆ ತಗಲುವ ಡೀಸೆಲ್ ಸುಮಾರು 15 ಮಿಲಿಲೀಟರ್.

ಇದು ಚಿಕ್ಕ ಪ್ರಮಾಣವೆಂದು ತೋರಬಹುದು. ಆದರೆ ದಿನಕ್ಕೆ ಅರವತ್ತು ಬಾರಿ ಹೀಗೆ ನಿಂತು ಹೊರಡುವ ವಾಹನದಲ್ಲಿ ಸುಮಾರು 900 ಮಿಲಿಲೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಲೀಟರ್ ಡೀಸೆಲ್ ಬ್ರೇಕಿನ ಶಾಖವಾಗಿ ಕಳೆದುಹೋಗುತ್ತದೆ. ವೇಗವು ಹೆಚ್ಚಿದಷ್ಟೂ ಈ ನಷ್ಟವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎರಡು ಸಿಗ್ನಲ್‌ಗಳ ನಡುವಣ ಅಲ್ಪ ದೂರದಲ್ಲಿ 60 ಕಿ.ಮೀ. ವೇಗಕ್ಕೆ ಏರಿ ಮತ್ತೆ ಬ್ರೇಕ್ ಒತ್ತಿದರೆ, ಒಂದೊಂದು ನಿಲುಗಡೆಗೆ 15ರ ಬದಲು ಸುಮಾರು 35 ಮಿಲಿಲೀಟರ್ ವ್ಯಯವಾಗುತ್ತದೆ. ಮುಂದಿನ ಕೆಂಪು ದೀಪದ ಬಳಿಗೆ ಬೇಗ ತಲುಪುವುದರ ಹೊರತು ಇದರಿಂದ ಬೇರೆ ಲಾಭವೇನೂ ಇಲ್ಲ.

ಆದುದರಿಂದ ನಗರದಲ್ಲಿ ಮೈಲೇಜನ್ನು ಹೆಚ್ಚಿಸುವ ಮೊದಲ ಸಾಧನ ಚಾಲಕನ ಕಣ್ಣು. ದೃಷ್ಟಿಯು ಮುಂದಿನ ವಾಹನದ ಹಿಂಬದಿಯ ಮೇಲಷ್ಟೇ ಇರದೆ, ಅದರಾಚೆಯ ಮೂರು ನಾಲ್ಕು ವಾಹನಗಳವರೆಗೆ ಹರಿಯಬೇಕು. ದೂರದಲ್ಲಿ ಕೆಂಪು ದೀಪ ಕಂಡೊಡನೆ ವೇಗವರ್ಧಕದಿಂದ ಕಾಲು ತೆಗೆದು, ವಾಹನವನ್ನು ಗೇರಿನಲ್ಲಿಯೇ ತನ್ನಷ್ಟಕ್ಕೆ ಉರುಳಲು ಬಿಡಬೇಕು. ಹಾಗೆ ಉರುಳಿದ ನೂರಿನ್ನೂರು ಮೀಟರುಗಳಿಗೆ ಡೀಸೆಲ್ ಖರ್ಚಾಗುವುದಿಲ್ಲ. ಅಲ್ಲಿಗೆ ತಲುಪುವಷ್ಟರಲ್ಲಿ ಹಸಿರು ದೀಪ ಬಂದರೆ ಪೂರ್ಣವಾಗಿ ನಿಲ್ಲುವ ಪ್ರಸಂಗವೂ ತಪ್ಪುತ್ತದೆ. ಮುಂದಿನ ವಾಹನದಿಂದ ಸಾಕಷ್ಟು ಅಂತರವನ್ನು ಕಾಯ್ದುಕೊಂಡರೆ ಮಾತ್ರ ಇದು ಸಾಧ್ಯ. ಅದರಿಂದ ಇಂಧನದ ಜೊತೆಗೆ ಬ್ರೇಕ್ ಲೈನರುಗಳೂ ಉಳಿಯುತ್ತವೆ, ಅಪಘಾತದ ಭಯವೂ ಕಡಿಮೆಯಾಗುತ್ತದೆ.

ಸಮಯದ ಆಯ್ಕೆಯೂ ಅಷ್ಟೇ ಮುಖ್ಯ. ಮಾದಾಪುರದಲ್ಲಿ ಕಚೇರಿಗಳು ಆರಂಭವಾಗುವ ಮತ್ತು ಮುಗಿಯುವ ವೇಳೆಗಳಲ್ಲಿ ವಾಹನಗಳು ಆಮೆಯಂತೆ ತೆವಳುತ್ತವೆ. ಬೆಳಗಿನ ದಟ್ಟಣೆಗೆ ಮೊದಲೇ ಸರಕನ್ನು ಇಳಿಸಿ ಹಿಂದಿರುಗುವ ಚಾಲಕನು ಯಾವ ಉಪಕರಣವನ್ನೂ ಕೊಳ್ಳದೆ ಇಂಧನವನ್ನು ಉಳಿಸಿಕೊಳ್ಳುತ್ತಾನೆ. ಸರಕು ವಾಹನಗಳ ಸಂಚಾರಕ್ಕೆ ಪೊಲೀಸರು ಗೊತ್ತುಪಡಿಸಿದ ವೇಳೆಯನ್ನು ಮೊದಲೇ ತಿಳಿದುಕೊಂಡು, ಇಳಿಸಬೇಕಾದ ಅಂಗಡಿಗಳನ್ನು ದಾರಿಯ ಅನುಕ್ರಮದಲ್ಲಿ ಬರೆದಿಟ್ಟುಕೊಂಡರೆ ಒಂದೇ ಓಣಿಯಲ್ಲಿ ಎರಡು ಬಾರಿ ಸುತ್ತುವುದು ತಪ್ಪುತ್ತದೆ. ಪಟಾನ್‌ಚೆರು ಬಳಿಯ ಮುತ್ತಂಗಿಯಲ್ಲಿ 158 ಕಿ.ಮೀ. ಉದ್ದದ ಹೊರವರ್ತುಲ ರಸ್ತೆಯನ್ನು ಸೇರಿ ಗಚ್ಚಿಬೌಲಿಯ ಕಡೆಯಿಂದ ಬರುವುದು ಲೇಸೋ, ನಗರದ ಒಳರಸ್ತೆ ಲೇಸೋ ಎಂಬುದನ್ನು ಊಹೆಯಿಂದ ನಿರ್ಧರಿಸಬೇಕಿಲ್ಲ. ಟೋಲ್ ಶುಲ್ಕವನ್ನೂ ಸೇರಿಸಿ, ಎರಡೂ ದಾರಿಗಳ ಖರ್ಚನ್ನು ತಮ್ಮ ಪುಸ್ತಕದಲ್ಲಿ ಹೋಲಿಸಿ ನೋಡಬಹುದು.

ನಿಂತಲ್ಲಿಯೇ ಓಡುವ ಎಂಜಿನ್

ಇಂತಹ ವಾಹನಗಳ ಎಂಜಿನ್ ನಿಂತಲ್ಲಿಯೇ ಓಡುತ್ತಿರುವಾಗ ಗಂಟೆಗೆ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನವರೆಗೆ ಡೀಸೆಲನ್ನು ಉರಿಸುತ್ತದೆ. ಆಗ ಲೀಟರಿಗೆ ದೊರೆಯುವ ಮೈಲೇಜು ಸೊನ್ನೆ. ಸರಕು ಇಳಿಸುವಾಗ, ಬಿಲ್ಲಿಗಾಗಿ ಕಾಯುವಾಗ, ಸಿಗ್ನಲ್‌ಗಳಲ್ಲಿ ನಿಂತಾಗ ದಿನಕ್ಕೆ ಒಟ್ಟು ಅರ್ಧ ಗಂಟೆ ಎಂಜಿನ್ ವ್ಯರ್ಥವಾಗಿ ಓಡಿದರೆ, ವರ್ಷದ 300 ದಿನಗಳಲ್ಲಿ 150 ಗಂಟೆಗಳಾಗುತ್ತವೆ. ಗಂಟೆಗೆ 0.6 ಲೀಟರಿನಂತೆ 90 ಲೀಟರ್ ಡೀಸೆಲ್ ಒಂದು ಅಡಿಯೂ ಮುಂದೆ ಸಾಗದೆ ಉರಿದುಹೋಗುತ್ತದೆ.

ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ನಿಲ್ಲಬೇಕಾದಲ್ಲಿ ಎಂಜಿನ್ನನ್ನು ನಿಲ್ಲಿಸುವುದು ಒಳ್ಳೆಯದು. ಮರಳಿ ಆರಂಭಿಸಲು ಹೆಚ್ಚು ಡೀಸೆಲ್ ಬೇಕಾಗುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಸುಸ್ಥಿತಿಯಲ್ಲಿರುವ ಎಂಜಿನ್ನಿನ ವಿಷಯದಲ್ಲಿ ಅದು ಸರಿಯಲ್ಲ. ಆದರೆ ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಟರ್ಬೊ ಇರುವ ವಾಹನವು ಭಾರ ಹೊತ್ತು ದೀರ್ಘಕಾಲ ಓಡಿ ಬಂದಿದ್ದರೆ, ನಿಲ್ಲಿಸುವ ಮುನ್ನ ಅರ್ಧದಿಂದ ಒಂದು ನಿಮಿಷ ಮಂದಗತಿಯಲ್ಲಿ ಓಡಿಸಬೇಕು. ಬ್ಯಾಟರಿಯು ದುರ್ಬಲವಾಗಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಬೆಳಗ್ಗೆ ಎಂಜಿನ್ನನ್ನು ಬಿಸಿಯಾಗಿಸಲೆಂದು ಹತ್ತು ನಿಮಿಷ ನಿಂತಲ್ಲಿಯೇ ಓಡಿಸುವ ರೂಢಿಯೂ ಅನವಶ್ಯಕ. ಅರ್ಧ ನಿಮಿಷದ ನಂತರ ಹೊರಟು, ಮೊದಲ ಎರಡು ಮೂರು ಕಿಲೋಮೀಟರುಗಳನ್ನು ನಿಧಾನವಾಗಿ ಕ್ರಮಿಸಿದರೆ ಸಾಕು.

ಗೇರು, ಕ್ಲಚ್ಚು ಮತ್ತು ಇಳಿಜಾರು

ಡೀಸೆಲ್ ಎಂಜಿನ್ನಿನ ಎಳೆಯುವ ಬಲವು ಕಡಿಮೆ ಸುತ್ತುಗಳಲ್ಲಿಯೇ ಹೆಚ್ಚಾಗಿರುತ್ತದೆ. ಆದುದರಿಂದ ಎಂಜಿನ್ ಅರಚುವವರೆಗೆ ಒಂದೇ ಗೇರಿನಲ್ಲಿ ಎಳೆಯದೆ, ಸಕಾಲದಲ್ಲಿ ಮೇಲಿನ ಗೇರಿಗೆ ಹೋಗಬೇಕು. ಹಾಗೆಂದು ಭಾರ ಹೊತ್ತ ವಾಹನವನ್ನು ಏರಿನಲ್ಲಿ ಮೇಲಿನ ಗೇರಿನಲ್ಲಿಟ್ಟು ಎಂಜಿನ್ ನಡುಗುವಂತೆ ಮಾಡುವುದೂ ತಪ್ಪು. ಆಗ ಡೀಸೆಲ್ ಪೂರ್ಣವಾಗಿ ಉರಿಯದೆ ಕರಿಹೊಗೆಯಾಗಿ ಹೊರಬೀಳುತ್ತದೆ. ಕ್ಲಚ್ ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವ ಅಭ್ಯಾಸ ಮತ್ತು ಏರಿನಲ್ಲಿ ಅರ್ಧ ಕ್ಲಚ್ಚಿನ ಮೇಲೆಯೇ ವಾಹನವನ್ನು ತಡೆದು ನಿಲ್ಲಿಸುವ ಅಭ್ಯಾಸ ಇಂಧನಕ್ಕೂ ಕ್ಲಚ್ ತಟ್ಟೆಗೂ ಹಾನಿಕರ. ಬಂಡೆಗಳ ನೆಲವಾದ ಮಾದಾಪುರದಲ್ಲಿ ಏರುತಗ್ಗುಗಳು ಸಾಮಾನ್ಯವಾದುದರಿಂದ, ಏರಿನಲ್ಲಿ ನಿಂತಾಗ ಕೈಬ್ರೇಕನ್ನು ಬಳಸುವುದನ್ನು ರೂಢಿಸಿಕೊಳ್ಳಬೇಕು.

ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಚಾಲಕರಲ್ಲಿ ಬಹಳ ಕಾಲದಿಂದ ಬೇರೂರಿರುವ ತಪ್ಪು ತಿಳಿವಳಿಕೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನನ್ನು ತಾನು ನಡೆಸಿಕೊಳ್ಳಲು ಡೀಸೆಲನ್ನು ಉರಿಸಲೇಬೇಕು. ಆದರೆ ಗೇರಿನಲ್ಲಿಯೇ ಇದ್ದು ವೇಗವರ್ಧಕದಿಂದ ಕಾಲು ತೆಗೆದಾಗ, ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಇಂಧನದ ಪೂರೈಕೆಯು ನಿಂತುಹೋಗುತ್ತದೆ. ಮಿಗಿಲಾಗಿ, ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ತಡೆ ಇಲ್ಲದೆ ಪೂರ್ಣ ಭಾರವು ಬ್ರೇಕುಗಳ ಮೇಲೆ ಬೀಳುತ್ತದೆ. ಕಾದ ಬ್ರೇಕುಗಳು ಹಿಡಿತವನ್ನು ಕಳೆದುಕೊಂಡರೆ ಆಗುವ ನಷ್ಟವನ್ನು ಯಾವ ಮೈಲೇಜೂ ತುಂಬಿಕೊಡಲಾರದು.

ಹೆದ್ದಾರಿಯಲ್ಲಿ ವೇಗ ಮತ್ತು ಭಾರ

ಹೆದ್ದಾರಿಯಲ್ಲಿ ಚಾಲಕನ ಮುಖ್ಯ ಎದುರಾಳಿ ಗಾಳಿ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ತಡೆಗೆ ಹೋಲಿಸಿದರೆ 80 ಕಿ.ಮೀ. ವೇಗದಲ್ಲಿ ಅದು ಎರಡೂವರೆ ಪಟ್ಟಿಗಿಂತ ಹೆಚ್ಚು. ಪಿಕ್-ಅಪ್ಪಿನ ಆಕಾರವೂ ಗಾಳಿಯನ್ನು ಸುಲಭವಾಗಿ ಸೀಳುವಂತಹುದಲ್ಲ. ಗಂಟೆಗೆ 45ರಿಂದ 55 ಕಿ.ಮೀ. ವೇಗವು ಮಿತವ್ಯಯಕರವೆಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಸಲಹೆ ನೀಡುತ್ತ ಬಂದಿದೆ. ಹೆದ್ದಾರಿಯಲ್ಲಿ ಇತರ ವಾಹನಗಳಿಗೆ ಅಡ್ಡಿಯಾಗದಂತೆ ಎಡಬದಿಯ ಪಥದಲ್ಲಿ ಸಮವೇಗದಿಂದ ಸಾಗುವುದು ಉತ್ತಮ. ನೂರು ಕಿಲೋಮೀಟರ್ ದೂರವನ್ನು 80ರ ಬದಲು 60 ಕಿ.ಮೀ. ವೇಗದಲ್ಲಿ ಕ್ರಮಿಸಿದರೆ ಹೆಚ್ಚಾಗುವ ಸಮಯ 25 ನಿಮಿಷ. ಅಷ್ಟು ಮುಂಚಿತವಾಗಿ ಹೊರಟರೆ ಆ ದರದಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಸರಕನ್ನು ಜೋಡಿಸುವ ಕ್ರಮದಿಂದಲೂ ಗಾಳಿಯ ತಡೆ ಬದಲಾಗುತ್ತದೆ. ಕ್ಯಾಬಿನ್ನಿನ ಎತ್ತರವನ್ನು ಮೀರದಂತೆ ಹೇರಿ, ಟಾರ್ಪಾಲನ್ನು ಬಿಗಿಯಾಗಿ ಕಟ್ಟಬೇಕು. ಪಟಪಟನೆ ಬಡಿಯುವ ಟಾರ್ಪಾಲು ಇಂಧನವನ್ನು ತಿನ್ನುತ್ತದೆ. ಹಿಂದಿರುಗುವಾಗ ತರಕಾರಿಯ ಖಾಲಿ ಕ್ರೇಟುಗಳನ್ನು ಎತ್ತರವಾಗಿ ಪೇರಿಸದೆ, ತಗ್ಗಾಗಿ ಹರಡಿ ಕಟ್ಟುವುದು ಲೇಸು. ಹಿಂದಿರುಗುವ ದಾರಿಗೆ ಬಾಡಿಗೆ ಸರಕನ್ನು ಮೊದಲೇ ಗೊತ್ತುಮಾಡಿಕೊಂಡರೆ ಅದಕ್ಕಿಂತ ದೊಡ್ಡ ಉಳಿತಾಯ ಬೇರೊಂದಿಲ್ಲ.

ನಿಗದಿತ ಮಿತಿಗಿಂತ ಹೆಚ್ಚು ಭಾರವನ್ನು ಹೇರುವುದು ಲಾಭದಾಯಕವೆಂದು ತೋರಿದರೂ ನಿಜವಾದ ಲೆಕ್ಕ ಬೇರೆಯೇ ಇದೆ. ಹೆಚ್ಚಿನ ಡೀಸೆಲ್, ಬೇಗನೆ ಸವೆಯುವ ಟೈರು, ಮುರಿಯುವ ಸ್ಪ್ರಿಂಗ್ ಪಟ್ಟಿ ಇವುಗಳ ಜೊತೆಗೆ, ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ವಿಧಿಸಿದೆ.

ವಾಹನದ ಆರೈಕೆ

ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೆ ಅವು ಚಪ್ಪಟೆಯಾಗಿ ಉರುಳುವುದರಿಂದ ಎಂಜಿನ್ ಹೆಚ್ಚು ದುಡಿಯಬೇಕಾಗುತ್ತದೆ. ವಾರಕ್ಕೊಮ್ಮೆ, ಬೆಳಗ್ಗೆ ಟೈರುಗಳು ತಣ್ಣಗಿರುವಾಗ ಗಾಳಿಯನ್ನು ಪರೀಕ್ಷಿಸಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚಾಗಿ ಕಾಣುವುದು ಸಹಜ. ಅದನ್ನು ಕಂಡು ಗಾಳಿಯನ್ನು ಬಿಡಬಾರದು. ಹಿಂದಿನ ಮತ್ತು ಮುಂದಿನ ಟೈರುಗಳಿಗೆ ತಯಾರಕರು ಬೇರೆ ಬೇರೆ ಒತ್ತಡವನ್ನು ಸೂಚಿಸಿರುವುದನ್ನು ಗಮನಿಸಬೇಕು. ಕೆಲವು ಕಿಲೋಮೀಟರ್ ಓಡಿಸಿದ ನಂತರ ಯಾವುದಾದರೂ ಒಂದು ಚಕ್ರದ ಡ್ರಮ್ಮು ಮಾತ್ರ ಅತಿಯಾಗಿ ಬಿಸಿಯಾಗಿದ್ದರೆ, ಅಲ್ಲಿ ಬ್ರೇಕು ಹಿಡಿದುಕೊಂಡೇ ಇದೆಯೆಂದು ತಿಳಿಯಬೇಕು. ಇದು ಕಣ್ಣಿಗೆ ಕಾಣದ ದುಂದುವೆಚ್ಚ.

ಏರ್ ಫಿಲ್ಟರು ಧೂಳಿನಿಂದ ಮುಚ್ಚಿಹೋದರೆ ಎಂಜಿನ್ನಿಗೆ ಉಸಿರುಗಟ್ಟಿದಂತಾಗುತ್ತದೆ. ಕಟ್ಟಡ ನಿರ್ಮಾಣ ನಡೆಯುವ ಪ್ರದೇಶಗಳಲ್ಲಿ ಓಡುವ ವಾಹನದಲ್ಲಿ ಅದನ್ನು ಪದೇ ಪದೇ ಪರೀಕ್ಷಿಸುವುದು ಅಗತ್ಯ. ಡೀಸೆಲ್ ಫಿಲ್ಟರಿನಲ್ಲಿ ಸೇರುವ ನೀರನ್ನು ಆಗಾಗ್ಗೆ ಹೊರತೆಗೆಯಬೇಕು. ಎಂಜಿನ್ ಬಿಸಿಯಾಗುತ್ತದೆಂಬ ಕಾರಣದಿಂದ ಥರ್ಮೋಸ್ಟ್ಯಾಟನ್ನು ಕಿತ್ತುಹಾಕಿಸುವ ಪದ್ಧತಿ ಕೆಲವೆಡೆ ಇದೆ. ಹಾಗೆ ಮಾಡಿದರೆ ಎಂಜಿನ್ ತಕ್ಕಷ್ಟು ಬಿಸಿಯಾಗದೆ ಡೀಸೆಲನ್ನು ಹೆಚ್ಚು ಬಳಸುತ್ತದೆ ಮತ್ತು ಬೇಗ ಸವೆಯುತ್ತದೆ. ರೇಡಿಯೇಟರಿನ ದೋಷವನ್ನು ಸರಿಪಡಿಸುವುದೇ ಅದಕ್ಕೆ ತಕ್ಕ ಪರಿಹಾರ.

ಹಳೆಯ ವಾಹನಗಳಲ್ಲಿ ಸತತವಾಗಿ ಬರುವ ಕರಿಹೊಗೆಯು ನಾಜಲ್, ಪಂಪು ಅಥವಾ ಏರ್ ಫಿಲ್ಟರಿನ ದೋಷವನ್ನೂ, ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದನ್ನೂ ಸೂಚಿಸುತ್ತದೆ. ಸೋರಿಕೆಯನ್ನು ಎಂದೂ ಅಲಕ್ಷಿಸಬಾರದು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ, ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕಿ ನಷ್ಟವಾಗುತ್ತದೆ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್-6 ಮಾನದಂಡ ಜಾರಿಗೆ ಬಂದಿದ್ದು, ಡೀಸೆಲಿನಲ್ಲಿರಬಹುದಾದ ಗಂಧಕದ ಮಿತಿಯು ಹತ್ತು ಲಕ್ಷ ಭಾಗಗಳಿಗೆ 10 ಭಾಗಕ್ಕೆ ಇಳಿದಿದೆ. ಈ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿದ್ದು, ಅದು ಆಗಾಗ್ಗೆ ಮಸಿಯನ್ನು ಸುಟ್ಟು ತನ್ನನ್ನು ಶುದ್ಧೀಕರಿಸಿಕೊಳ್ಳುತ್ತದೆ. ನಗರದಲ್ಲಿ ಅಲ್ಪ ದೂರಗಳನ್ನಷ್ಟೇ ಓಡಿ ಪದೇ ಪದೇ ನಿಲ್ಲಿಸುವುದರಿಂದ ಈ ಕ್ರಿಯೆಗೆ ಅಡ್ಡಿಯಾಗುತ್ತದೆ. ಎಚ್ಚರಿಕೆಯ ದೀಪ ಹೊತ್ತಿದಾಗ ಕೈಪಿಡಿಯ ಸೂಚನೆಯಂತೆ ಹೆದ್ದಾರಿಯಲ್ಲಿ ಸಮವೇಗದಿಂದ ಕೆಲಕಾಲ ಓಡಿಸಬೇಕು. ಶುದ್ಧೀಕರಣ ನಡೆಯುತ್ತಿರುವಾಗ ಎಂಜಿನ್ನನ್ನು ನಿಲ್ಲಿಸಬಾರದು. ಇಂತಹ ಎಂಜಿನ್ನಿಗೆ ತಯಾರಕರು ಸೂಚಿಸಿದ ದರ್ಜೆಯ ಆಯಿಲನ್ನೇ ಬಳಸಬೇಕು. ಸೀಮೆಎಣ್ಣೆಯ ಕಲಬೆರಕೆಯಂತೂ ಪಂಪನ್ನೂ ನಾಜಲುಗಳನ್ನೂ ಕೆಡಿಸಿಬಿಡುತ್ತದೆ. ಡೀಸೆಲ್ ಕೊಳವೆಗೆ ಕಟ್ಟುವ ಅಯಸ್ಕಾಂತ ಮೊದಲಾದ ವಸ್ತುಗಳಿಗೆ ಹಣವನ್ನು ವ್ಯಯಿಸುವ ಬದಲು ಅದೇ ಹಣದಲ್ಲಿ ಹೊಸ ಏರ್ ಫಿಲ್ಟರನ್ನು ಕೊಳ್ಳುವುದು ವಿವೇಕ.

ವರ್ಷದ ಉಳಿತಾಯ

ದಿನಕ್ಕೆ 100 ಕಿ.ಮೀ.ನಂತೆ 300 ದಿನ ಓಡುವ ವಾಹನವು ವರ್ಷಕ್ಕೆ 30,000 ಕಿ.ಮೀ. ಕ್ರಮಿಸುತ್ತದೆ. ಲೀಟರಿಗೆ 11 ಕಿ.ಮೀ. ದೊರೆತರೆ ಬೇಕಾಗುವ ಡೀಸೆಲ್ 2,727 ಲೀಟರ್, 12.5 ಕಿ.ಮೀ. ದೊರೆತರೆ 2,400 ಲೀಟರ್. ಉಳಿತಾಯ 327 ಲೀಟರ್. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ 29,430 ರೂಪಾಯಿ. ಒಂದು ಜೊತೆ ಟೈರಿನ ಬೆಲೆಯೋ, ಮಕ್ಕಳ ಶಾಲೆಯ ಶುಲ್ಕವೋ, ಸಾಲದ ಕಂತೋ ಇದರಿಂದ ಸಲ್ಲಬಹುದು. ಜೊತೆಗೆ ಸುಮಾರು 870 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಯನ್ನು ಸೇರುವುದು ತಪ್ಪುತ್ತದೆ. ಇಷ್ಟಕ್ಕೂ ಬೇಕಾದುದು ಮುಂದಾಲೋಚನೆಯ ನೋಟ, ಹಗುರವಾದ ಕಾಲು ಮತ್ತು ತಪ್ಪದೆ ಬರೆದಿಡುವ ಒಂದು ಪುಸ್ತಕ ಮಾತ್ರ.

ನೆನಪಿಡಬೇಕಾದ ಅಂಶಗಳು

1. ಪ್ರತಿ ಭರ್ತಿಯ ಲೀಟರ್, ಕಿಲೋಮೀಟರ್, ಭಾರ ಮತ್ತು ದಾರಿಯನ್ನು ಬರೆದಿಡಿರಿ.
2. ನಗರದಲ್ಲಿ ದೂರದವರೆಗೆ ನೋಡಿ. ಬ್ರೇಕ್ ಒತ್ತುವ ಮೊದಲೇ ವೇಗವರ್ಧಕದಿಂದ ಕಾಲು ತೆಗೆಯಿರಿ.
3. ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವಾಗ ಎಂಜಿನ್ನನ್ನು ನಿಲ್ಲಿಸಿರಿ.
4. ಇಳಿಜಾರಿನಲ್ಲಿ ಎಂದೂ ನ್ಯೂಟ್ರಲ್ ಮಾಡಬೇಡಿರಿ.
5. ಹೆದ್ದಾರಿಯಲ್ಲಿ ಮಿತವಾದ ಸಮವೇಗವನ್ನು ಕಾಯ್ದುಕೊಳ್ಳಿರಿ.
6. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ ಪರೀಕ್ಷಿಸಿರಿ.

ಅಭ್ಯಾಸ

1. ಒಂದು ವಾಹನವು 506 ಕಿ.ಮೀ. ಕ್ರಮಿಸಿದ ನಂತರ 44 ಲೀಟರ್ ಡೀಸೆಲ್ ಹಿಡಿಯಿತು. ಲೀಟರಿಗೆ ದೊರೆತ ಮೈಲೇಜೆಷ್ಟು?
2. ಎರಡು ಸಿಗ್ನಲ್‌ಗಳ ನಡುವೆ ಅತಿವೇಗವಾಗಿ ಸಾಗುವುದರಿಂದ ನಷ್ಟವೇಕೆ ಆಗುತ್ತದೆ?
3. ಇಳಿಜಾರಿನಲ್ಲಿ ಗೇರಿನಲ್ಲಿರುವ ವಾಹನಕ್ಕೂ ನ್ಯೂಟ್ರಲ್‌ನಲ್ಲಿರುವ ವಾಹನಕ್ಕೂ ಇಂಧನ ಬಳಕೆಯಲ್ಲಿರುವ ವ್ಯತ್ಯಾಸವನ್ನು ವಿವರಿಸಿರಿ.
4. ನೀವು ನಿತ್ಯ ಸಂಚರಿಸುವ ದಾರಿಯಲ್ಲಿ ವಾಹನವು ಎಷ್ಟು ಬಾರಿ ಪೂರ್ಣವಾಗಿ ನಿಲ್ಲುತ್ತದೆ ಎಂಬುದನ್ನು ಒಂದು ವಾರ ಎಣಿಸಿ ಬರೆಯಿರಿ. ಅವುಗಳಲ್ಲಿ ಎಷ್ಟನ್ನು ತಪ್ಪಿಸಬಹುದಾಗಿತ್ತು?

(ಮೊದಲ ಪ್ರಶ್ನೆಗೆ ಉತ್ತರ: 11.5 ಕಿ.ಮೀ.)